ಕಾಲ್ ಫಾರ್ವರ್ಡ್ ಹಾಕಿದ್ರೂ ಕಾಲ್ ಹೋಗ್ತಿಲ್ವಾ? ವೇಟಿಂಗ್, ಮಿಸ್ಡ್ ಕಾಲ್ ಅಲರ್ಟ್, ಲ್ಯಾಂಡ್‌ಲೈನ್ ಎಲ್ಲದರ ಜೊತೆ ಅದನ್ನ ಹೊಂದಿಸೋದು ಹೀಗೆ

ಮಳೆಗಾಲ ಹತ್ರ ಬಂತು ಅಂದ್ರೆ ನಂಗೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರತ್ತೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವ್ರು, ಹೋಮ್‌ಸ್ಟೇ ನಡೆಸೋರು, ಅಡಿಕೆ ಮಂಡಿಯವ್ರು, ಮಕ್ಕಳೆಲ್ಲ ಬೆಂಗಳೂರು ಸೇರಿ ಊರಲ್ಲಿ ಇಬ್ರೇ ಇರೋ ಹಿರಿಯರು, ಎಲ್ಲರೂ ಕೇಳೋದು ಒಂದೇ. "ಫಾರ್ವರ್ಡ್ ಹಾಕಿದೀನಿ, ಆದ್ರೂ ಕಾಲ್ ಅಲ್ಲಿಗೆ ಹೋಗಲ್ಲ." "ಮೊದ್ಲು ಮಿಸ್ಡ್ ಕಾಲ್ ಮೆಸೇಜ್ ಬರ್ತಿತ್ತು, ಫಾರ್ವರ್ಡ್ ಹಾಕಿದ್ಮೇಲೆ ನಿಂತೋಯ್ತು." "ಮನೆ ಫೋನ್ ಫೈಬರ್‌ಗೆ ಬದಲಾಯ್ಸಿದ್ರು, ಹಳೇ ಫಾರ್ವರ್ಡ್ ಕೆಲ್ಸ ಮಾಡ್ತಿಲ್ಲ." ಒಬ್ಬೊಬ್ಬರಿಗೆ ಉತ್ತರ ಬರೆಯೋ ಬದ್ಲು ಒಂದೇ ಕಡೆ ಪೂರ್ತಿ ಬರ್ದಿಡ್ತೀನಿ, ನಿಧಾನಕ್ಕೆ ಓದಿ, ಫೋನ್ ಕೈಯಲ್ಲಿ ಹಿಡ್ಕೊಂಡೇ ಓದಿದ್ರೆ ಇನ್ನೂ ಒಳ್ಳೇದು.

ಮುಖ್ಯವಾಗಿ ಒಂದು ವಿಷಯ ತಿಳ್ಕೊಳ್ಳಿ, ಫಾರ್ವರ್ಡಿಂಗ್ (ನಿಮಗೆ ಬಂದ ಕಾಲನ್ನ ಇನ್ನೊಂದು ನಂಬರಿಗೆ ತಿರುಗಿಸೋದು) ಅನ್ನೋದು ನಿಮ್ಮ ಫೋನಿನ ಒಳಗೆ ಇರೋದಲ್ಲ, ಅದು ಕಂಪನಿ ಎಕ್ಸ್‌ಚೇಂಜಲ್ಲಿ ನಿಮ್ಮ ನಂಬರಿನ ಮುಂದೆ ಬರ್ದಿಟ್ಟಿರೋ ಸೂಚನೆ. ಅಂಚೆ ಆಫೀಸಲ್ಲೇ ವಿಳಾಸ ತಿದ್ದಿಸಿ ಬಂದ ಹಾಗೆ. ಹಂಗಾಗಿ ಹ್ಯಾಂಡ್‌ಸೆಟ್ ಬದಲಾಯ್ಸಿದ್ರೂ ಅದು ಹೋಗಲ್ಲ, ಫ್ಯಾಕ್ಟರಿ ರೀಸೆಟ್ ಮಾಡಿದ್ರೂ ಹೋಗಲ್ಲ, ಸಿಮ್ ಕಳ್ಕೊಂಡು ಅದೇ ನಂಬರಿಗೆ ಹೊಸ ಸಿಮ್ ತಗೊಂಡ್ರೂ ಸಾಮಾನ್ಯವಾಗಿ ಹಂಗೇ ಇರತ್ತೆ. ಕಾಲ್ ವೇಟಿಂಗ್, ಮಿಸ್ಡ್ ಕಾಲ್ ಅಲರ್ಟ್, ವಾಯ್ಸ್‌ಮೇಲ್ (ಕಾಲ್ ಮಾಡ್ದೋರ ಮಾತನ್ನ ರೆಕಾರ್ಡ್ ಮಾಡಿಡೋದು), ಲಾಕ್ (ಹೊರಗೆ ಹೋಗೋ ಕಾಲ್ ತಡೆಯೋದು) ಇವೂ ಅಂಥದೇ ಸೂಚನೆಗಳು. ಒಂದು ಕಾಲ್ ಬಂದಾಗ ಇಷ್ಟರಲ್ಲಿ ಯಾವುದು ಮೊದ್ಲು ಅದನ್ನ ಹಿಡಿಯತ್ತೆ ಅನ್ನೋದ್ರ ಮೇಲೆ ಎಲ್ಲ ನಿಂತಿರತ್ತೆ, ಗೋಜಲಾಗೋದು ಅಲ್ಲೇ.

ಫಾರ್ವರ್ಡಿಂಗ್‌ನಲ್ಲಿ ನಾಕು ತರ ಇದೆ. ಪ್ರತಿಯೊಂದಕ್ಕೂ ಒಂದು ನಂಬರ್, ಇದು ನೆನಪಲ್ಲಿಟ್ಕೊಳ್ಳಿ, ಮುಂದೆಲ್ಲ ಇದೇ ಬರತ್ತೆ:

21: ಎಲ್ಲ ಕಾಲೂ ನೇರ ಇನ್ನೊಂದು ನಂಬರಿಗೆ, ನಿಮ್ಮ ಫೋನ್ ರಿಂಗೇ ಆಗಲ್ಲ
67: ನೀವು ಬೇರೆಯವರ ಜೊತೆ ಮಾತಾಡ್ತಿದ್ರೆ ಮಾತ್ರ
61: ರಿಂಗ್ ಆಗಿ ಯಾರೂ ಎತ್ತದಿದ್ರೆ
62: ಫೋನ್ ಆಫ್ ಇದ್ರೆ ಅಥವಾ ಸಿಗ್ನಲ್ ಇಲ್ಲದಿದ್ರೆ

21 ಹಾಕಿದ್ರೆ ಉಳಿದ ಮೂರೂ ಸುಮ್ನೆ ಮಲಗಿರತ್ತೆ. 21 ತೆಗೆದ್ರೆ ಮತ್ತೆ ಎದ್ದು ಕೂರತ್ತೆ. "ನಾನು ಎಲ್ಲಾನೂ ಹಾಕಿದೀನಿ" ಅಂತ ಹೇಳೋರು ಸಿಕ್ಕಾಪಟ್ಟೆ ಜನ, ಎಲ್ಲಾನೂ ಹಾಕೋದ್ರಿಂದ ಏನೂ ಉಪಯೋಗ ಇಲ್ಲ.

ಕೆಲಸ ಶುರು ಮಾಡೋಕೆ ಮುಂಚೆ ಇಷ್ಟು ಇಟ್ಕೊಳ್ಳಿ: ಫಾರ್ವರ್ಡ್ ಆಗ್ಬೇಕಾದ ಎರಡನೇ ಫೋನ್, ಪರೀಕ್ಷೆ ಮಾಡೋಕೆ ಮೂರನೇ ಫೋನ್ (ಪಕ್ಕದ ಮನೆಯವರದ್ದಾದ್ರೂ ಆಯ್ತು), ರೀಚಾರ್ಜ್ ಮುಗಿಯದ ಸಿಮ್, ಒಂದು ಹಾಳೆ ಪೆನ್ನು. ಸಿಗ್ನಲ್ ಚೆನ್ನಾಗಿರೋ ಜಾಗದಲ್ಲೇ ನಿಂತು ಮಾಡಿ, ಸೂಚನೆ ಎಕ್ಸ್‌ಚೇಂಜಿಗೆ ತಲುಪದೇ ಇದ್ರೆ ಏನು ಒತ್ತಿದ್ರೂ ವ್ಯರ್ಥ.

1. ಈಗ ಏನಿದೆ ಅಂತ ಮೊದ್ಲು ನೋಡಿ

*#21# ಒತ್ತಿ ಕಾಲ್ ಬಟನ್ ಒತ್ತಿ. ಹಂಗೇ *#67#, *#61#, *#62#. ಪರದೆ ಮೇಲೆ ಬರೋದನ್ನ ಹಾಳೆಯಲ್ಲಿ ಬರ್ಕೊಳ್ಳಿ, ನಂಬರ್ ಕಂಡ್ರೆ ನಂಬರೂ ಬರ್ಕೊಳ್ಳಿ. ಈ ಹಂತ ಬಿಟ್ಟು ಮುಂದೆ ಹೋಗೋರೇ ಜಾಸ್ತಿ, ಆಮೇಲೆ ಒದ್ದಾಡೋರೂ ಅವ್ರೇ.

ಇಲ್ಲಿ ತುಂಬಾ ಜನ ಗಾಬರಿ ಬೀಳ್ತಾರೆ. 62ರಲ್ಲಿ ಅಥವಾ 67ರಲ್ಲಿ ಗೊತ್ತಿಲ್ಲದ ಒಂದು ನಂಬರ್ ಕಾಣತ್ತೆ, ಯಾರೋ ಕಳ್ಳರು ಫೋನ್ ಹಿಡಿದ್ಬಿಟ್ಟಿದಾರೆ ಅಂತ ಅನ್ಸತ್ತೆ. ಹೆಚ್ಚಿನ ಸಲ ಅದು ಕಂಪನಿಯವರದ್ದೇ ನಂಬರ್, ಮಿಸ್ಡ್ ಕಾಲ್ ಅಲರ್ಟ್ ಅಥವಾ ವಾಯ್ಸ್‌ಮೇಲ್‌ದು. ಫೋನ್ ಆಫ್ ಇದ್ದಾಗ ಬಂದ ಕಾಲ್ ಆ ಯಂತ್ರಕ್ಕೆ ಫಾರ್ವರ್ಡ್ ಆಗತ್ತೆ, ಅದು ಬರ್ಕೊಂಡು ನಿಮಗೆ ಮೆಸೇಜ್ ಕಳಿಸತ್ತೆ, ಆ ಸೌಲಭ್ಯ ನಡೆಯೋದೇ ಹಂಗೆ. ಅಂದ್ರೆ ನೀವು 62ಕ್ಕೆ ನಿಮ್ಮ ನಂಬರ್ ಹಾಕಿದ ಕ್ಷಣ ಅವರ ನಂಬರ್ ಅಳಿಸಿ ಹೋಗತ್ತೆ, ಅಲರ್ಟ್ ನಿಲ್ಲತ್ತೆ. ಒಂದು ಜಾಗದಲ್ಲಿ ಒಂದೇ ನಂಬರ್ ಕೂರೋದು, ಎರಡೂ ಬೇಕು ಅಂದ್ರೆ ಆಗಲ್ಲ. ಮುಂದೆ ಅಲರ್ಟ್ ವಾಪಸ್ ಬೇಕಾದ್ರೆ ಬರ್ಕೊಂಡ ನಂಬರನ್ನೇ ಮತ್ತೆ ಹಾಕಿ ನೋಡ್ಬಹುದು, ಇಲ್ಲಾಂದ್ರೆ ಕಸ್ಟಮರ್ ಕೇರ್‌ಗೆ ಹೇಳಿ ಸೇವೆ ಮತ್ತೆ ಶುರು ಮಾಡ್ಸಿ.

ಆದ್ರೆ 21ರಲ್ಲಿ ನೀವು ಹಾಕದ ನಂಬರ್ ಇದ್ರೆ ಅದು ಬೇರೆ ಮಾತು. ಆಗ ಮುಂದೆ ಓದೋಕೆ ಮುಂಚೆ ##21# ಒತ್ತಿ ತೆಗೀರಿ, ಕೊನೇಲಿ ವಂಚನೆ ಬಗ್ಗೆ ಬರ್ದಿದೀನಿ, ಅದನ್ನೂ ಓದಿ.

2. ನಿಮಗೆ ಯಾವ ತರದ್ದು ಬೇಕು ಅಂತ ತೀರ್ಮಾನ ಮಾಡಿ

ಬಯಲುಸೀಮೆಯವರಿಗೂ ನಮಗೂ ವ್ಯತ್ಯಾಸ ಇರೋದು ಇಲ್ಲೇ. ನಮ್ಮ ಕಡೆ ಹೆಚ್ಚು ಕೆಲ್ಸಕ್ಕೆ ಬರೋ ಜೋಡಣೆ ಅಂದ್ರೆ ಮೊಬೈಲಿಂದ ಮನೆ ಲ್ಯಾಂಡ್‌ಲೈನಿಗೆ. ಪೇಟೆಗೆ ಹೋದಾಗ ಮೊಬೈಲಲ್ಲೇ ಮಾತಾಡ್ತೀರಿ, ಮನೆಗೆ ಬಂದ್ರೆ ಸಿಗ್ನಲ್ ಇಲ್ಲ, ಆಗ ಕಾಲ್ ತಾನಾಗೇ ಜಗಲಿ ಮೇಲಿನ ಫೋನಿಗೆ ಬರ್ಬೇಕು. ಅದಕ್ಕೆ 62 ಸಾಕು ಅಂತ ಎಲ್ಲರೂ ಅಂದ್ಕೋತಾರೆ.

ಸಾಲಲ್ಲ. ಹೊಸನಗರ ಕಡೆ ಒಂದು ಮನೆ ನೆನಪಿಗೆ ಬರತ್ತೆ, ಆ ಮನೇಲಿ ಸಿಗ್ನಲ್ ಸಿಗೋದು ಮೆತ್ತಿನ (ಮಹಡಿಯ) ಕಿಟಕಿ ಚೌಕಟ್ಟಿನ ಮೇಲೆ ಮಾತ್ರ, ಅದೂ ಒಂದೇ ಕಡ್ಡಿ. ಮನೆಗೆ ಬಂದ ಕೂಡ್ಲೇ ಎಲ್ಲರ ಮೊಬೈಲೂ ಸಾಲಾಗಿ ಅಲ್ಲೇ. ಯಜಮಾನ್ರು ತೋಟದಲ್ಲಿ, ಅಮ್ಮ ಕೊಟ್ಟಿಗೇಲಿ, ಫೋನ್ ಮೇಲೆ ರಿಂಗಾಗ್ತಾ ಇರತ್ತೆ, ಯಾರಿಗೂ ಕೇಳಲ್ಲ. ಎಕ್ಸ್‌ಚೇಂಜ್ ಲೆಕ್ಕದಲ್ಲಿ ಆ ಫೋನ್ ಸಿಗ್ತಿದೆ, ರಿಂಗೂ ಆಗ್ತಿದೆ, ಆದ್ದರಿಂದ 62 ಅಲ್ಲಾಡೋದೇ ಇಲ್ಲ. ಅಲ್ಲಿ ಬೇಕಾಗಿದ್ದು 61. ಮಲೆನಾಡಿನ ಮನೆಗಳಿಗೆ 61, 62 ಎರಡೂ ಒಂದೇ ನಂಬರಿಗೆ ಹಾಕೋದು ಸರಿ ಅನ್ನೋದು ನನ್ನ ಅಭಿಪ್ರಾಯ, 67 ನಿಮ್ಮಿಷ್ಟ. ಮೂರನ್ನೂ ಒಟ್ಟಿಗೆ ಹಾಕೋಕೆ 004 ಅನ್ನೋ ಕೋಡ್ ಇದೆ.

21 ಬೇಕಾಗೋದು ನೀವು ಫೋನನ್ನ ಪೂರ್ತಿ ಬಿಟ್ಟಿರ್ತೀರಿ ಅಂದಾಗ ಮಾತ್ರ, ಉದಾಹರಣೆಗೆ ಹ್ಯಾಂಡ್‌ಸೆಟ್ ರಿಪೇರಿಗೆ ಕೊಟ್ಟಾಗ. ವಿದೇಶಕ್ಕೆ ಹೋಗ್ತಿದ್ರೂ 21 ಹಾಕಿದ್ರೆ ಕಾಲ್ ಇಲ್ಲಿಂದ್ಲೇ ತಿರುಗತ್ತೆ, 61 ಇದ್ರೆ ಕಾಲ್ ಆ ದೇಶದವರೆಗೂ ಹೋಗಿ ವಾಪಸ್ ಬರೋದ್ರಿಂದ ರೋಮಿಂಗ್ ಬಿಲ್ ಬೀಳೋ ಸಾಧ್ಯತೆ ಇದೆ.

3. ನಂಬರನ್ನ ಸರಿಯಾಗಿ ಬರೀರಿ

ಮೊಬೈಲಿಂದ ಲ್ಯಾಂಡ್‌ಲೈನಿಗೆ ಹಾಕೋವಾಗ ಎಸ್‌ಟಿಡಿ ಕೋಡ್ ಬೇಕೇ ಬೇಕು, ಪಕ್ಕದ ಮನೆ ಆದ್ರೂ ಬೇಕು. ಶಿವಮೊಗ್ಗ 08182, ಸಾಗರ 08183, ಹೊಸನಗರ 08185, ತೀರ್ಥಹಳ್ಳಿ 08181. ಸೊನ್ನೆ ಇಟ್ಟು ಬರೀರಿ ಅಥವಾ ಸೊನ್ನೆ ತೆಗೆದು +91 ಹಾಕಿ, ಎರಡನ್ನೂ ಸೇರಿಸ್ಬೇಡಿ.

ಲ್ಯಾಂಡ್‌ಲೈನಿಂದ ಮೊಬೈಲಿಗೆ ಹಾಕೋವಾಗ ಮೊಬೈಲ್ ನಂಬರಿನ ಶುರುವಲ್ಲಿ ಸೊನ್ನೆ ಇರ್ಲೇಬೇಕು. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಸೊನ್ನೆ ಹಾಕಿ ಡಯಲ್ ಮಾಡ್ಬೇಕು ಅನ್ನೋ ನಿಯಮ ಬಂತಲ್ಲ, ಫಾರ್ವರ್ಡ್ ಆಗೋ ಕಾಲೂ ಅದೇ ದಾರೀಲಿ ಹೋಗೋದು. ಹಳೇ ಡೈರಿಯಲ್ಲಿ ಬರ್ದಿಟ್ಟ ಹತ್ತೇ ಅಂಕಿ ನೋಡ್ಕೊಂಡು ಹಾಕಿ "ಹೋಗ್ತಿಲ್ಲ" ಅನ್ನೋರು ಈಗ್ಲೂ ಇದಾರೆ.

4. ಕಾಲ್ ವೇಟಿಂಗ್ ಬೇಕಾ ಬೇಡ್ವಾ

ಅತಿ ಹೆಚ್ಚು ದೂರು ಬರೋದು ಈ ಜಾಗದಿಂದ. ಕಾಲ್ ವೇಟಿಂಗ್ ಅಂದ್ರೆ ನೀವು ಮಾತಾಡ್ತಿರೋವಾಗ ಇನ್ನೊಂದು ಕಾಲ್ ಬಂದ್ರೆ ಕಿವೀಲಿ ಪೀಂ ಪೀಂ ಅಂತ ಕೇಳೋ ಸೌಲಭ್ಯ. ಅದು ಆನ್ ಇದ್ರೆ ಎಕ್ಸ್‌ಚೇಂಜ್ ನಿಮ್ಮನ್ನ ಬ್ಯುಸಿ ಅಂತ ಲೆಕ್ಕ ಹಾಕೋದೇ ಇಲ್ಲ, ಹಂಗಾಗಿ 67 ಹಾಕಿದ್ರೂ ಕಾಲ್ ತಿರುಗಲ್ಲ. ನೀವು ಆ ಕಾಲನ್ನ ಕೈಯಾರೆ ಕಟ್ ಮಾಡಿದ್ರೆ ಮಾತ್ರ 67ರ ನಂಬರಿಗೆ ಹೋಗತ್ತೆ, ಸುಮ್ನೆ ಬಿಟ್ರೆ ಸ್ವಲ್ಪ ಹೊತ್ತಾದ್ಮೇಲೆ 61ರ ನಂಬರಿಗೆ.

ಮಂಡಿಯವ್ರು, ಹೋಮ್‌ಸ್ಟೇಯವ್ರು ಬುಕಿಂಗ್ ಕಾಲ್ ತಪ್ಪಬಾರ್ದು ಅಂತ ಹುಡುಗನ ನಂಬರಿಗೆ 67 ಹಾಕಿರ್ತಾರೆ. ಅವ್ರು ವೇಟಿಂಗ್ ತೆಗೀಲೇಬೇಕು: #43#. ವಾಪಸ್ ಹಾಕೋಕೆ *43#, ಇದೆಯಾ ನೋಡೋಕೆ *#43#. ಮನೆ ಬಳಕೆಗಾದ್ರೆ ವೇಟಿಂಗ್ ಇಟ್ಕೊಂಡು 67 ಬಿಟ್ಬಿಡಿ.

ಕೈಯಾರೆ ಕಟ್ ಮಾಡಿದ್ದು 67ಕ್ಕೆ ಹೋಗತ್ತೆ ಅಂದೆನಲ್ಲ, ಬ್ಲಾಕ್ ಮಾಡಿದ ನಂಬರಿನ ಕತೆಯೂ ಅದೇ. ನಿಮ್ಮ ಫೋನಲ್ಲಿ ಸ್ಪ್ಯಾಮ್ ಬ್ಲಾಕ್ ಆಪ್ ಇದ್ರೆ ಅದು ಮಾಡೋದು ಕಾಲನ್ನ ಕಟ್ ಮಾಡೋ ಕೆಲ್ಸ, ಎಕ್ಸ್‌ಚೇಂಜ್ ಅದನ್ನ ಬ್ಯುಸಿ ಅಂತ ತಿಳ್ಕೊಂಡು ಎರಡನೇ ನಂಬರಿಗೆ ಕಳಿಸತ್ತೆ. ಲೋನ್ ಬೇಕಾ ಅಂತ ಕೇಳೋರೆಲ್ಲ ಮನೆ ಫೋನಿಗೆ ಬರೋಕೆ ಶುರು ಆದ್ರು ಅಂದ್ರೆ ಕಾರಣ ಇದು. 21 ಹಾಕಿದ್ರಂತೂ ಕಾಲ್ ನಿಮ್ಮ ಹ್ಯಾಂಡ್‌ಸೆಟ್ ಹತ್ರ ಬರೋದೇ ಇಲ್ಲ, ಬ್ಲಾಕ್ ಪಟ್ಟಿಗೆ ಕೆಲ್ಸವೇ ಇಲ್ಲ. ಎರಡನೇ ಫೋನಲ್ಲೂ ಆ ನಂಬರುಗಳನ್ನ ಬ್ಲಾಕ್ ಮಾಡೋದೊಂದೇ ದಾರಿ.

5. ಈಗ ಹಾಕಿ

ಸುಲಭದ ದಾರಿ ಫೋನಿನ ಸೆಟ್ಟಿಂಗ್ಸ್. ಡಯಲ್ ಮಾಡೋ ಆಪ್ ತೆಗೀರಿ, ಮೇಲಿನ ಮೂರು ಚುಕ್ಕಿ, ಸೆಟ್ಟಿಂಗ್ಸ್, ಕಾಲ್ ಅಥವಾ ಕಾಲಿಂಗ್ ಅಕೌಂಟ್ಸ್, ಸಿಮ್ ಆಯ್ಕೆ, ಕಾಲ್ ಫಾರ್ವರ್ಡಿಂಗ್. ಹೆಸರು ಒಂದೊಂದು ಕಂಪನಿ ಫೋನಲ್ಲಿ ಸ್ವಲ್ಪ ಬೇರೆ ಇರತ್ತೆ. ಒಳಗೆ ನಾಕು ಸಾಲು ಕಾಣತ್ತೆ, ಮೇಲೆ ಹೇಳಿದ ನಾಕೇ ಅವು. ಐಫೋನ್ ಸೆಟ್ಟಿಂಗ್ಸಲ್ಲಿ ಸಾಮಾನ್ಯವಾಗಿ ಎಲ್ಲ ಕಾಲಿನದ್ದು ಮಾತ್ರ ಇರತ್ತೆ, ಉಳಿದದ್ದಕ್ಕೆ ಕೋಡೇ ಒತ್ಬೇಕು.

ಇಲ್ಲಿ "ನೆಟ್‌ವರ್ಕ್ ಅಥವಾ ಸಿಮ್ ಎರರ್" ಅಂತ ಬಂದ್ರೆ ಫೋನ್ ಹಾಳಾಗಿದೆ ಅಂತಲ್ಲ. 4ಜಿ ವೋಲ್ಟೀ ಸಿಮ್ಮುಗಳಲ್ಲಿ ಈ ಸೆಟ್ಟಿಂಗ್ ಎಷ್ಟೋ ಸಲ ಮೊಬೈಲ್ ಡೇಟಾ ಮೂಲಕವೇ ಹೋಗೋದು (ವೋಲ್ಟೀ ಅಂದ್ರೆ ಮಾತೂ ಇಂಟರ್ನೆಟ್ ದಾರೀಲೇ ಹೋಗೋ ವ್ಯವಸ್ಥೆ). ವೈಫೈ ಆಫ್ ಮಾಡಿ, ಅದೇ ಸಿಮ್ಮಿನ ಡೇಟಾ ಆನ್ ಮಾಡಿ, ಮತ್ತೆ ಪ್ರಯತ್ನಿಸಿ, ಬಹಳಷ್ಟು ಸಲ ಸರಿ ಹೋಗತ್ತೆ.

ಕೋಡಲ್ಲಿ ಹಾಕೋದಾದ್ರೆ **62*ನಂಬರ್# ಅಂತ ಒತ್ತಿ ಕಾಲ್ ಬಟನ್, 62ರ ಜಾಗದಲ್ಲಿ 61, 67, 21, 004 ನಿಮಗೆ ಬೇಕಾದ್ದು. ತೆಗೆಯೋಕೆ ##62#, ಎಲ್ಲಾನೂ ಒಂದೇ ಏಟಿಗೆ ತೆಗೆಯೋಕೆ ##002#. ಆದ್ರೆ ಎಚ್ಚರ, 002 ಒತ್ತಿದ್ರೆ ಮಿಸ್ಡ್ ಕಾಲ್ ಅಲರ್ಟ್, ವಾಯ್ಸ್‌ಮೇಲೂ ಅದರ ಜೊತೆ ಹೋಗತ್ತೆ.

ಹಳೇ ಹಾಳೆಗಳಲ್ಲಿ *401 ಅಂತ ಶುರುವಾಗೋ ಕೋಡ್ ಬರ್ದಿಟ್ಟಿದ್ರೆ ಅದನ್ನ ಮರ್ತುಬಿಡಿ. ಆ ಯುಎಸ್‌ಎಸ್‌ಡಿ ದಾರಿಯನ್ನ (ಡಯಲ್ ಪ್ಯಾಡಲ್ಲಿ ಕೋಡ್ ಒತ್ತಿ ಸೇವೆ ಪಡೆಯೋದು) 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಅಂತ ದೂರಸಂಪರ್ಕ ಇಲಾಖೆ ಎಲ್ಲ ಕಂಪನಿಗಳಿಗೂ ಆದೇಶ ಕೊಡ್ತು, ಜನರಿಗೆ ಮೋಸ ಆಗ್ತಿತ್ತು ಅಂತ. ಆ ದಾರೀಲಿ ಹಾಕಿದ ಫಾರ್ವರ್ಡ್ ಇದ್ದೋರು ಬೇರೆ ದಾರೀಲಿ ಮತ್ತೆ ಹಾಕ್ಕೊಳ್ಬೇಕು ಅಂತಾನೂ ಹೇಳಿದ್ರು. ಮೇಲಿನ 61, 62 ತರದ ಕೋಡ್ ಒಪ್ಪದಿದ್ರೆ ಸೆಟ್ಟಿಂಗ್ಸ್, ಅದೂ ಆಗದಿದ್ರೆ ಕಸ್ಟಮರ್ ಕೇರ್.

6. ಎಷ್ಟು ರಿಂಗ್ ಆದ್ಮೇಲೆ ತಿರುಗ್ಬೇಕು

61ಕ್ಕೆ ಸಮಯ ಹೇಳ್ಬಹುದು, 5 ಸೆಕೆಂಡಿಂದ 30ರವರೆಗೆ, ಐದೈದರ ಲೆಕ್ಕದಲ್ಲಿ. **61*ನಂಬರ್**30# ಅಂದ್ರೆ 30 ಸೆಕೆಂಡ್. ನಮ್ಮ ದೇಶದ ಟ್ರಿಂಗ್ ಟ್ರಿಂಗ್ ಒಂದು ಸುತ್ತಿಗೆ ಸುಮಾರು 3 ಸೆಕೆಂಡ್, ಹಂಗಾಗಿ 20 ಸೆಕೆಂಡ್ ಅಂದ್ರೆ ಆರೇಳು ಸಲ. ಅಂಗಳದಲ್ಲಿ ಅಡಿಕೆ ಸುಲೀತಾ ಕೂತೋರು ಕೈ ಒರ್ಸ್ಕೊಂಡು ಒಳಗೆ ಬರೋಕೆ ಅದು ಸಾಲಲ್ಲ, ಹಿರಿಯರಿರೋ ಮನೆಗೆ 30 ಇಡಿ. ಅಂಗಡಿಗಾದ್ರೆ 15 ಸಾಕು. ಎರಡನೇ ಕಡೆ ಆನ್ಸರಿಂಗ್ ಮಷೀನೋ ವಾಯ್ಸ್‌ಮೇಲೋ ಇದ್ರೆ ಅದನ್ನ ತೆಗೀರಿ, ಮನುಷ್ಯರು ಎತ್ತೋಕೆ ಮುಂಚೆ ಅದೇ ಎತ್ಬಿಡತ್ತೆ.

7. ವೈಫೈ ಕಾಲಿಂಗ್ ಇರೋ ಮನೆ

ಫೈಬರ್ ಬಂದ್ಮೇಲೆ ಎಷ್ಟೋ ಮನೇಲಿ ಸಿಗ್ನಲ್ ಇಲ್ಲದಿದ್ರೂ ವೈಫೈ ಮೂಲಕ ಕಾಲ್ ಬರತ್ತೆ, ಇದು ನಿಜಕ್ಕೂ ಒಳ್ಳೇದು. ಆದ್ರೆ ವೈಫೈ ಇರೋವರೆಗೂ ನಿಮ್ಮ ಫೋನ್ ಎಕ್ಸ್‌ಚೇಂಜಿಗೆ ಸಿಗ್ತಾನೇ ಇರತ್ತೆ, 62 ಕೆಲ್ಸ ಮಾಡಲ್ಲ. ಕರೆಂಟ್ ಹೋಯ್ತು ಅನ್ನಿ, ವೈಫೈ ಸತ್ತ ವಿಷಯ ಎಕ್ಸ್‌ಚೇಂಜಿಗೆ ತಕ್ಷಣ ಗೊತ್ತಾಗಲ್ಲ, ಆ ಹೊತ್ತಲ್ಲಿ ಕಾಲ್ ಮಾಡ್ದೋರಿಗೆ ಬರೀ ಮೌನ ಕೇಳ್ಬಹುದು. ಆಗುಂಬೆ ಘಾಟಿ ಇಳಿಯೋವಾಗ ಸಿಗ್ನಲ್ ತಪ್ಪಿದ್ರೂ ಹಂಗೇ, ಫೋನನ್ನ ಹುಡುಕಿ ಆಮೇಲೆ ತಿರುಗ್ಸತ್ತೆ. ಫೋನನ್ನ ಸರಿಯಾಗಿ ಆಫ್ ಮಾಡಿದ್ರೆ ಅಥವಾ ಫ್ಲೈಟ್ ಮೋಡ್‌ಗೆ ಹಾಕಿದ್ರೆ ಮಾತ್ರ ತಕ್ಷಣ ತಿರುಗೋದು. ರೂಟರಿಗೂ ಫೈಬರ್ ಡಬ್ಬಿಗೂ ಸೇರಿ ಒಂದು ಸಣ್ಣ ಯುಪಿಎಸ್ ಇಡಿ.

8. ಲ್ಯಾಂಡ್‌ಲೈನ್: ತಾಮ್ರದ ತಂತಿ ಬೇರೆ, ಫೈಬರ್ ಬೇರೆ

ತಾಮ್ರದ ಲೈನಿಗೆ ಕರೆಂಟ್ ಎಕ್ಸ್‌ಚೇಂಜಿಂದಾನೇ ಬರ್ತಿತ್ತು, ಮನೇಲಿ ಎರಡು ದಿನ ಕರೆಂಟ್ ಇಲ್ಲದಿದ್ರೂ ಫೋನ್ ನಡೀತಿತ್ತು. ಫೈಬರ್ ಫೋನ್ ಹಂಗಲ್ಲ, ಡಬ್ಬಿ ಆಫ್ ಆದ್ರೆ ಫೋನೂ ಆಫ್. ಮೊಬೈಲಿನ 62ಕ್ಕೆ ಮನೆ ಫೈಬರ್ ಫೋನ್ ನಂಬರ್ ಹಾಕಿದೋರು ಇದನ್ನ ಗಮನದಲ್ಲಿಟ್ಕೊಳ್ಳಿ, ಕರೆಂಟ್ ಹೋದ ಮನೇಲಿ ಎರಡೂ ಒಟ್ಟಿಗೆ ಸಾಯತ್ತೆ.

ಲ್ಯಾಂಡ್‌ಲೈನಲ್ಲಿ ಫಾರ್ವರ್ಡ್ ಹಾಕೋ ಕೋಡ್ ಎಲ್ಲ ಕಡೆ ಒಂದೇ ಅಲ್ಲ, ಎಕ್ಸ್‌ಚೇಂಜಿನ ಯಂತ್ರದ ಮೇಲೆ ಬದಲಾಗತ್ತೆ. ಹಂಗಾಗಿ ಮೊಬೈಲಿನ ಕೋಡ್ ಅಲ್ಲಿ ಒತ್ಬೇಡಿ, ನಿಮ್ಮ ಎಕ್ಸ್‌ಚೇಂಜಲ್ಲಿ ಅಥವಾ ಫೈಬರ್ ಹಾಕಿದೋರ ಹತ್ರ ಕೇಳಿ ಬರ್ಕೊಳ್ಳಿ. ತಾಮ್ರದಿಂದ ಫೈಬರ್‌ಗೆ ಬದಲಾಯ್ಸಿದ್ರೆ ಹಳೇ ಸೌಲಭ್ಯಗಳೆಲ್ಲ ತಾನಾಗೇ ಜೊತೆಗೆ ಬರತ್ತೆ ಅಂತ ನಂಬ್ಬೇಡಿ, ಫಾರ್ವರ್ಡಿಂಗ್, ಲಾಕ್, ಕಾಲರ್ ಐಡಿ ಒಂದೊಂದಾಗಿ ಕೇಳಿ ಹಾಕ್ಸಿ. ಗುಂಡಗಿನ ಡಯಲ್ ತಿರುಗ್ಸೋ ಹಳೇ ಫೋನಲ್ಲಿ ಸ್ಟಾರ್, ಹ್ಯಾಶ್ ಇಲ್ವಲ್ಲ, ಅದರಿಂದ ಆಗಲ್ಲ. ಬಟನ್ ಫೋನ್ ಆಗಿದ್ರೂ ಪಕ್ಕದಲ್ಲಿ ಟೋನ್, ಪಲ್ಸ್ ಅನ್ನೋ ಸಣ್ಣ ಸ್ವಿಚ್ ಇದ್ರೆ ಟೋನ್ ಕಡೆ ಇರ್ಬೇಕು.

ತುಂಬಾ ಮುಖ್ಯ: ಲೈನ್ ಸತ್ತ ಮೇಲೆ ಮನೆಯಿಂದ ಫಾರ್ವರ್ಡ್ ಹಾಕೋಕಾಗಲ್ಲ, ಡಯಲ್ ಟೋನ್ ಬೇಕು. ಮರ ಬಿದ್ದು ತಂತಿ ಹೋಗೋಕೆ ಮುಂಚೆ, ಮಳೆ ಹಿಡಿಯೋ ಮೊದ್ಲೇ ಹಾಕಿಡಿ. ಎಲ್ಲ ಕಾಲಿನ ಫಾರ್ವರ್ಡ್ ಹಾಕಿದ್ರೆ ಆಮೇಲೆ ತಂತಿ ಹೋದ್ರೂ ಎಕ್ಸ್‌ಚೇಂಜ್ ಬದುಕಿರೋವರೆಗೆ ಕಾಲ್ ತಿರುಗ್ತಾ ಇರತ್ತೆ.

ಎಸ್‌ಟಿಡಿ ಲಾಕ್ ಹಾಕಿದ್ರೆ? ಫಾರ್ವರ್ಡ್ ಆಗೋ ಕಾಲು ನಿಮ್ಮ ನಂಬರಿಂದ ಹೊರಗೆ ಹೋಗೋ ಕಾಲ್ ಅಂತಾನೇ ಲೆಕ್ಕ. ಹಂಗಾಗಿ ಲಾಕ್ ಅದನ್ನೂ ತಡೀಬಹುದು, ಖರ್ಚೂ ನಿಮ್ಮದೇ. ಮೊಬೈಲಲ್ಲೂ ಹಂಗೇ, ರೀಚಾರ್ಜ್ ಮುಗಿದು ಔಟ್‌ಗೋಯಿಂಗ್ ನಿಂತ್ರೆ ಇನ್‌ಕಮಿಂಗ್ ಇನ್ನೂ ಇದ್ರೂ ಫಾರ್ವರ್ಡ್ ನಿಲ್ಲತ್ತೆ. ನರ್ಸಿಂಗ್ ಹೋಮ್, ಮಂಡಿಗಳಲ್ಲಿ ಹಂಟಿಂಗ್ ಇದ್ರೆ (ಒಂದು ಲೈನ್ ಬ್ಯುಸಿ ಇದ್ರೆ ಅದೇ ಆಫೀಸಿನ ಮುಂದಿನ ಲೈನಿಗೆ ಹೋಗೋದು) ಬ್ಯುಸಿ ಫಾರ್ವರ್ಡ್ ನೀವಾಗೇ ಹಾಕ್ಬೇಡಿ, ಎರಡೂ ಒಂದೇ ಕಾಲಿಗೆ ಕಿತ್ತಾಡತ್ತೆ, ಎಕ್ಸ್‌ಚೇಂಜಿನವರ ಕೈಲೇ ಮಾಡ್ಸಿ.

9. ಸುತ್ತು ಹಾಕ್ಬೇಡಿ

ಮೊಬೈಲಿಂದ ಮನೆಗೆ, ಮನೆಯಿಂದ ಮೊಬೈಲಿಗೆ, ಎರಡೂ ಕಡೆ ಹಾಕಿಟ್ಟೋರು ಇದಾರೆ. ಕಾಲ್ ಅಲ್ಲಿಂದಿಲ್ಲಿಗೆ ಸುತ್ತಿ ಕೊನೆಗೆ ಕಟ್ ಆಗತ್ತೆ, ಎಷ್ಟು ಸಲ ತಿರುಗಿದೆ ಅಂತ ನೆಟ್‌ವರ್ಕ್ ಎಣಿಸ್ತಾ ಇರತ್ತೆ. ಒಂದೇ ಫೋನಲ್ಲಿ ಎರಡು ಸಿಮ್ ಇದ್ರೆ ಒಂದರ 62ನ್ನ ಇನ್ನೊಂದಕ್ಕೆ ಹಾಕೋದು ಒಳ್ಳೇ ಉಪಾಯವೇ, ಯಾಕಂದ್ರೆ ಎಷ್ಟೋ ಫೋನಲ್ಲಿ ಒಂದು ಸಿಮ್ಮಲ್ಲಿ ಮಾತಾಡ್ತಿದ್ರೆ ಇನ್ನೊಂದು ಸಿಗಲ್ಲ. ಆದ್ರೆ ಎರಡೂ ಸಿಗ್ನಲ್ ಇಲ್ಲದ ಜಾಗದಲ್ಲಿ ಮತ್ತೆ ಅದೇ ಸುತ್ತು. ಒಂದು ದಿಕ್ಕಿಗೆ ಮಾತ್ರ ಹಾಕಿ, ಕೊನೇ ನಂಬರಿಂದ ಮುಂದೆ ಏನೂ ಇರ್ಬಾರ್ದು. ಎಸ್ಸೆಮ್ಮೆಸ್ಸೂ ವಾಟ್ಸಾಪ್ ಕಾಲೂ ಫಾರ್ವರ್ಡ್ ಆಗಲ್ಲ ಅನ್ನೋದೂ ನೆನಪಿರ್ಲಿ, ಬ್ಯಾಂಕ್ ಮೆಸೇಜ್ ಮನೆ ಫೋನಿಗೆ ಬರಲ್ಲ.

10. ಪರೀಕ್ಷೆ ಮಾಡಿ

ಮೂರನೇ ಫೋನಿಂದ ಕಾಲ್ ಮಾಡಿ. ಎರಡನೇ ಫೋನಿಂದಲೇ ಮಾಡಿದ್ರೆ ಅದು ಬ್ಯುಸಿ ಆಗಿರೋದ್ರಿಂದ ಏನೂ ಗೊತ್ತಾಗಲ್ಲ. 61ಕ್ಕೆ ಎತ್ತದೇ ಬಿಡಿ, 67ಕ್ಕೆ ಯಾರ ಜೊತೆಗಾದ್ರೂ ಮಾತಾಡ್ತಾ ಇರಿ, 62ಕ್ಕೆ ಫ್ಲೈಟ್ ಮೋಡ್ ಹಾಕಿ ವೈಫೈ ಕೂಡ ಆಫ್ ಮಾಡಿ, ವೈಫೈ ಇದ್ರೆ ಫ್ಲೈಟ್ ಮೋಡಲ್ಲೂ ರಿಂಗಾಗ್ಬಹುದು. ಆಮೇಲೆ ಯಾವ ಕೋಡ್ ಹಾಕಿದ್ರಿ, ತೆಗೆಯೋದು ಹೇಗೆ ಅಂತ ಹಾಳೆಯಲ್ಲಿ ಬರ್ದು ಫೋನ್ ಪಕ್ಕ ಅಂಟಿಸಿ, ನೀವಿಲ್ಲದಾಗ ಮನೆಯವರಿಗೂ ಬೇಕಾಗತ್ತೆ.

ವಂಚನೆ ಬಗ್ಗೆ

ದಯವಿಟ್ಟು ಇದನ್ನ ಮನೇಲಿರೋ ಹಿರಿಯರಿಗೆ ಓದಿ ಹೇಳಿ. "ಪಾರ್ಸಲ್ ಬಂದಿದೆ, ಅಡ್ರೆಸ್ ಸಿಗ್ತಿಲ್ಲ, ಈ ಕೋಡ್ ಒತ್ತಿ" ಅಂತಾನೋ "ನಿಮ್ಮ ಸಿಮ್ ಬಂದ್ ಆಗತ್ತೆ" ಅಂತಾನೋ ಕಾಲ್ ಬರತ್ತೆ. ಅವ್ರು ಹೇಳೋ ಕೋಡಲ್ಲಿ 21 ಅಥವಾ 401, ಅದಾದ್ಮೇಲೆ ಒಂದು ಮೊಬೈಲ್ ನಂಬರ್ ಇರತ್ತೆ. ಒತ್ತಿದ್ರೆ ನಿಮ್ಮ ಕಾಲೆಲ್ಲ ಅವರಿಗೆ, ಕಾಲಲ್ಲಿ ಹೇಳೋ ಓಟಿಪಿ ಅವರಿಗೆ, ವಾಟ್ಸಾಪ್ ಖಾತೆಯೂ ಅವರಿಗೆ. ಯಾವ ಕೊರಿಯರಿನವರಿಗೂ ನಿಮ್ಮ ಫೋನಲ್ಲಿ ಕೋಡ್ ಒತ್ತಿಸೋ ಅಗತ್ಯ ಇರಲ್ಲ. ಒತ್ತಿಬಿಟ್ಟಿದ್ರೆ ತಕ್ಷಣ ##002#, *#21# ಒತ್ತಿ ಹೋಯ್ತಾ ನೋಡಿ, ವಾಟ್ಸಾಪಲ್ಲಿ ಎರಡು ಹಂತದ ಪಿನ್ ಹಾಕಿ, ದುಡ್ಡು ಹೋಗಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ದುಡ್ಡು ಹೋಗದಿದ್ರೂ ಆ ಕಾಲ್ ಬಗ್ಗೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ದೂರು ಕೊಡ್ಬಹುದು.

ನಂಬರ್ ಬೇರೆ ಕಂಪನಿಗೆ ಪೋರ್ಟ್ ಮಾಡಿದ್ರೆ ಹಾಕಿದ ಫಾರ್ವರ್ಡ್ ಹಳೇ ಕಂಪನಿಯಲ್ಲೇ ಉಳ್ಕೊಳ್ಳತ್ತೆ, ಹೊಸ ಸಿಮ್ ಶುರುವಾದ ದಿನವೇ ಮೊದಲನೇ ಹಂತದಿಂದ ಮತ್ತೆ ನೋಡ್ಕೊಂಡು ಹಾಕಿ.